ಪೆನ್ಸಿಲಿನ ಕಪ್ಪು: ಜಯಲಕ್ಷ್ಮಿಪುರದಿಂದ ಸರಗೂರಿನವರೆಗೆ

ಮೈಸೂರಿನ ಪಶ್ಚಿಮ ಭಾಗದಲ್ಲಿ, ಹುಣಸೂರು ರಸ್ತೆಯ ಮಗ್ಗುಲಿಗೆ ಹರಡಿಕೊಂಡಿರುವ ಜಯಲಕ್ಷ್ಮಿಪುರ ಶಾಂತ ಸ್ವಭಾವದ ಬಡಾವಣೆ. ಕಾಲೇಜು ಬಿಡುವ ಹೊತ್ತಿನಲ್ಲಿ ಬೀದಿಗಳು ಒಂದಿಷ್ಟು ಸದ್ದು ಮಾಡುತ್ತವೆ. ಅದು ಅಡಗಿದ ಮೇಲೆ ಮರಗಳ ನೆರಳು, ಕಾಂಪೌಂಡಿನೊಳಗಿನ ತೆಂಗು, ಸಂಜೆಯ ಕಾಫಿಯ ಪರಿಮಳ. ದೀಪ ಹಚ್ಚುವ ಹೊತ್ತಿಗೆ ಯಾವುದೋ ಮನೆಯ ಜಗಲಿಯ ಮೇಲೆ ಮಗುವೊಂದು ಕುಳಿತು ಮಗ್ಗಿ ಬರೆಯುತ್ತಿರುತ್ತದೆ. ಏಳೆಂಟು ಐವತ್ತಾರಕ್ಕೆ ಬರುವಷ್ಟರಲ್ಲಿ ಪೆನ್ಸಿಲಿನ ಮೊನೆ ಮುರಿಯುತ್ತದೆ.

“ಅಜ್ಜೀ, ಸೀಸ ಮುರಿದುಹೋಯ್ತು!”

ಅಜ್ಜಿ ಹಳೆಯ ಬ್ಲೇಡಿನಿಂದ ಪೆನ್ಸಿಲು ಹೆರೆದುಕೊಡುತ್ತಾರೆ. ನೆಲದ ಮೇಲೆ ಮರದ ಸುರುಳಿಯಷ್ಟು ಸಿಪ್ಪೆ, ಚಿಟಿಕೆಯಷ್ಟು ಕಪ್ಪು ಪುಡಿ. ಮರುದಿನ ಬೆಳಿಗ್ಗೆ ಪೊರಕೆ ಅದನ್ನು ಬೀದಿಗೆ ಸಾಗಿಸುತ್ತದೆ. ಆ ಚಿಟಿಕೆ ಪುಡಿಗೆ ಒಂದು ಪೂರ್ವಚರಿತ್ರೆಯುಂಟು. ಅದು ಮೈಸೂರು ಅರಸರ ವಂಶಾವಳಿಗಿಂತ, ಚಾಮುಂಡಿಬೆಟ್ಟದ ಬಂಡೆಗಿಂತಲೂ ಹಳೆಯದಾಗಿರಬಹುದು ಎಂದು ಯಾರಿಗೂ ತೋಚುವುದಿಲ್ಲ. ಆ ಚರಿತ್ರೆಯ ಬಹುಪಾಲನ್ನು ಓದಲು ಜಯಲಕ್ಷ್ಮಿಪುರದವರು ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ಅದರ ಮೊದಲ ಪುಟ ಕಾಲ್ನಡಿಗೆಯ ದೂರದಲ್ಲಿದೆ. ಕೊನೆಯ ಪುಟ ಬಸ್ಸಿನಲ್ಲಿ ಒಂದು ಹಗಲಿನ ಪ್ರಯಾಣ.

ಸೀಸವಲ್ಲದ ಸೀಸ

ಮೊದಲು ಆ ಹೆಸರಿನ ತಪ್ಪನ್ನು ತಿದ್ದಬೇಕು. ಪೆನ್ಸಿಲಿನೊಳಗೆ ಸೀಸದ ಲವಲೇಶವೂ ಇಲ್ಲ. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್ ಕಣಿವೆಯಲ್ಲಿ ಕೈಗೆ ಮಸಿ ಹತ್ತುವ, ಮುಟ್ಟಿದರೆ ಜಾರುವ ಕರಿಯ ಖನಿಜವೊಂದು ದೊರೆತಾಗ, ಜನ ಅದನ್ನು ಸೀಸದ ಒಂದು ಜಾತಿಯೆಂದೇ ಭಾವಿಸಿದರು. ಆ ಭ್ರಮೆ ಹಡಗು ಹತ್ತಿ ದೇಶದೇಶಗಳಿಗೆ ಹೋಯಿತು. ಕನ್ನಡದ ಸೀಸದ ಕಡ್ಡಿಯೂ ಆ ಭ್ರಮೆಯ ಸಂತಾನವೇ. 1779ರಲ್ಲಿ ಸ್ವೀಡನ್ನಿನ ರಸಾಯನಜ್ಞ ಷೀಲೆ ಈ ವಸ್ತು ಇಂಗಾಲದ ಒಂದು ರೂಪವೆಂದು ತೋರಿಸಿದನು. 1789ರಲ್ಲಿ ಜರ್ಮನಿಯ ವರ್ನರ್, ಬರೆಯುವುದು ಎಂಬರ್ಥದ ಗ್ರೀಕ್ ಪದದಿಂದ ಅದಕ್ಕೆ ಗ್ರಾಫೈಟು ಎಂದು ಹೆಸರಿಟ್ಟನು. 1795ರಲ್ಲಿ ಫ್ರಾನ್ಸಿನ ಕಾಂಟೆ ಗ್ರಾಫೈಟಿನ ಪುಡಿಗೆ ಜೇಡಿಮಣ್ಣು ಬೆರಸಿ, ಕಡ್ಡಿ ಮಾಡಿ, ಗೂಡಿನಲ್ಲಿ ಸುಡುವ ಉಪಾಯವನ್ನು ಕಂಡುಹಿಡಿದನು. ಇಂದಿಗೂ ಮಕ್ಕಳ ಪೆನ್ಸಿಲು ಹುಟ್ಟುವುದು ಅದೇ ಬಗೆಯಲ್ಲಿ.

ಹಾಗಾದರೆ ಅದು ಇಂಗಾಲ. ಒಲೆಯ ಇದ್ದಿಲು, ದೀಪದ ಕಾಡಿಗೆ, ಉಂಗುರದ ವಜ್ರಗಳ ಬಂಧು. ಆದರೆ ಇಂಗಾಲ ಕಲ್ಲಿನೊಳಗೆ ಬಂದು ಸೇರಿದ್ದು ಹೇಗೆ? ಇದಕ್ಕೆ ಉತ್ತರ ಹುಡುಕುವವರು ಹುಣಸೂರು ರಸ್ತೆಯನ್ನು ದಾಟಬೇಕು.

ಕೆರೆಯ ಕೆಸರು

ರಸ್ತೆಯಾಚೆಗೆ ಮಾನಸಗಂಗೋತ್ರಿ. ಅಲ್ಲಿಯ ದಿಬ್ಬದ ಮೇಲೆ ಜಯಲಕ್ಷ್ಮಿ ವಿಲಾಸದ ಬಿಳಿಯ ಸೌಧ ನಿಂತಿದೆ. ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದ ಅರಮನೆ ಅದು. ಬಡಾವಣೆಯ ಹೆಸರೂ ಆ ರಾಜಕುಮಾರಿಯನ್ನೇ ನೆನಪಿಗೆ ತರುತ್ತದೆ. ಅರಮನೆಯನ್ನು ಹಿಂದೆ ಬಿಟ್ಟು ನಡೆದರೆ ಕುಕ್ಕರಹಳ್ಳಿ ಕೆರೆಯ ಏರಿ ಸಿಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ ಇದು. ಕುವೆಂಪು ಅವರ ವಾಯುವಿಹಾರದ ದಾರಿಯೂ ಇದೇ ಆಗಿತ್ತು. ಮುಂಜಾನೆ ಏರಿಯ ಮೇಲೆ ನಡೆಯುವವರ ಕಣ್ಣು ಸಾಮಾನ್ಯವಾಗಿ ಹೆಜ್ಜಾರ್ಲೆಗಳ ಮೇಲೆ, ಬಣ್ಣದ ಕೊಕ್ಕರೆಗಳ ಮೇಲೆ, ನೀರಿನಾಚೆ ಮಂಜಿನಲ್ಲಿ ತೇಲುವ ಚಾಮುಂಡಿಬೆಟ್ಟದ ಮೇಲೆ ನಿಲ್ಲುತ್ತದೆ. ಕೆಳಗಿನ ಕೆಸರನ್ನು ನೋಡುವವರು ವಿರಳ. ಆದರೆ ಗ್ರಾಫೈಟಿನ ಕಥೆ ತೊಡಗುವುದು ಇಂಥ ಕೆಸರಿನಲ್ಲಿಯೇ.

ದಡದ ಮರಗಳಿಂದ ಎಲೆ ಉದುರುತ್ತದೆ. ನೀರಿನ ಪಾಚಿ ಹುಟ್ಟುತ್ತದೆ, ಸಾಯುತ್ತದೆ, ಮುಳುಗುತ್ತದೆ. ಮೀನು, ಹುಳು, ಹಕ್ಕಿಯ ಗರಿ ಎಲ್ಲವೂ ಕೊನೆಗೆ ತಳಕ್ಕೆ ಹೋಗುತ್ತವೆ. ಇವೆಲ್ಲದರ ಮೈ ಕಟ್ಟಿರುವುದು ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕಗಳಿಂದ. ಗಾಳಿಯ ಆಮ್ಲಜನಕ ಮುಟ್ಟುವವರೆಗೆ ಸತ್ತದ್ದೆಲ್ಲ ಕೊಳೆತು, ಇಂಗಾಲ ಮತ್ತೆ ಗಾಳಿಗೆ ಸೇರುತ್ತದೆ. ಸೃಷ್ಟಿಯ ಈ ಲೆಕ್ಕಾಚಾರ ಬಹಳ ಬಿಗಿ. ಜೀವಿಗಳು ಕಟ್ಟಿಕೊಂಡ ಇಂಗಾಲದಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಮೆ ಮಾತ್ರ ಈ ಕೊಳೆತದಿಂದ ತಪ್ಪಿಸಿಕೊಂಡು ಮಣ್ಣಿನಡಿ ಹೂತು ಉಳಿಯುತ್ತದೆ. ಉಳಿಯಬೇಕಾದರೆ ನುಣ್ಣನೆಯ ಮಣ್ಣು ಬೇಗ ಬಂದು ಮುಚ್ಚಬೇಕು. ಒಳಗೆ ಆಮ್ಲಜನಕ ಇರಬಾರದು. ಕೆರೆಯಂಚಿನ ಕರಿಯ ಕೆಸರಿಗೆ ಕೋಲು ಚುಚ್ಚಿದಾಗ ಗುಳ್ಳೆಯೆದ್ದು ಬರುವ ದುರ್ಗಂಧ, ಅಂಥದೊಂದು ಉಸಿರಿಲ್ಲದ ಕೋಣೆಯ ಬಾಗಿಲು ತೆರೆದ ಗುರುತು.

ಕುಕ್ಕರಹಳ್ಳಿಯ ಕೆಸರು ಮಾತ್ರ ಎಂದಾದರೂ ಗ್ರಾಫೈಟಾಗುವುದೆಂದು ನಂಬುವಂತಿಲ್ಲ. ಮನುಷ್ಯ ಕಟ್ಟಿದ ಕೆರೆಗೆ ಅಷ್ಟು ಆಯುಷ್ಯವಿಲ್ಲ. ಕೆಸರಿನ ಮೇಲೆ ಕಿಲೋಮೀಟರುಗಟ್ಟಲೆ ಮಣ್ಣು ಮರಳು ಬಿದ್ದು, ನೆಲವೇ ಕುಸಿದು ಕೋಟ್ಯಂತರ ವರ್ಷ ಕೆಳಗಿಳಿಯಬೇಕು. ಆ ದಾರಿಯ ನಿಲ್ದಾಣಗಳು ಒಂದೇ ಊರಿನಲ್ಲಿ ಸಿಗುವುದಿಲ್ಲವಾದರೂ ದಕ್ಷಿಣದೇಶದ ಪ್ರವಾಸಿಗೆ ಪರಿಚಿತವಾದ ಸ್ಥಳಗಳಲ್ಲಿಯೇ ಇವೆ.

ದಾರಿಯ ನಿಲ್ದಾಣಗಳು

ಮೊದಲನೆಯದು ಉದಕಮಂಡಲ. ಬೇಸಗೆಯಲ್ಲಿ ಮೈಸೂರಿನ ಸಂಸಾರಗಳು ತಂಪಿಗಾಗಿ ಹೋಗುವ ಆ ನೀಲಗಿರಿಯ ಹುಲ್ಲುಗಾವಲುಗಳ ತಗ್ಗಿನಲ್ಲಿ, ಜೌಗು ನೆಲದಲ್ಲಿ, ಪೀಟ್ ಎಂಬ ಕಂದುಬಣ್ಣದ ನಾರುಮಣ್ಣು ಪದರಪದರವಾಗಿ ಕೂಡಿದೆ. ಕೆಲವು ಪದರಗಳು 20,000 ವರ್ಷಗಳಿಗೂ ಹಳೆಯವು. ಹುಲ್ಲಿನ ಬೇರು ಅದರಲ್ಲಿ ಇನ್ನೂ ಕಣ್ಣಿಗೆ ಕಾಣುತ್ತದೆ. ಎರಡನೆಯದು ತಮಿಳುನಾಡಿನ ನೈವೇಲಿ. ಅಲ್ಲಿ ಮರಗಿಡಗಳ ರಾಶಿ ನೆಲದಡಿ ಕೋಟಿಗಟ್ಟಲೆ ವರ್ಷವಿದ್ದು ಲಿಗ್ನೈಟಾಗಿದೆ. ಮೂರನೆಯದು ಗೋದಾವರಿ ಕಣಿವೆಯ ಸಿಂಗರೇಣಿ. ಅಲ್ಲಿಯ ಕಲ್ಲಿದ್ದಲಿನ ವಯಸ್ಸು 25 ಕೋಟಿ ವರ್ಷಗಳಿಗೂ ಹೆಚ್ಚು; ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಉರಿದು ಕನ್ನಡನಾಡಿನ ಮನೆಗಳಿಗೆ ಬೆಳಕು ಕೊಡುವ ಕಲ್ಲಿದ್ದಲಿನಲ್ಲಿ ಸಿಂಗರೇಣಿಯದೂ ಸೇರಿದೆ.

ಒಂದೊಂದು ನಿಲ್ದಾಣದಲ್ಲಿಯೂ ಆಗುವುದು ಒಂದೇ ಕೆಲಸ. ಭೂಮಿಯೊಳಗೆ ಪ್ರತಿ ಕಿಲೋಮೀಟರು ಇಳಿದಂತೆ ಬಿಸಿ ಸುಮಾರು 25ರಿಂದ 30 ಡಿಗ್ರಿ ಏರುತ್ತದೆ. ಆ ಬಿಸಿಗೆ ಜಲಜನಕ, ಆಮ್ಲಜನಕಗಳು ನೀರಾಗಿ, ಅನಿಲವಾಗಿ ಬಿಟ್ಟುಹೋಗುತ್ತವೆ. ಇಂಗಾಲ ಮಾತ್ರ ಹಿಂದೆ ನಿಲ್ಲುತ್ತದೆ. ಒಣಗಿದ ಕಟ್ಟಿಗೆಯಲ್ಲಿ ಇಂಗಾಲದ ಪಾಲು ಸುಮಾರು ಅರ್ಧ. ಲಿಗ್ನೈಟಿನ ಜೈವಿಕ ಭಾಗದಲ್ಲಿ ಅದು ಸುಮಾರು ಮೂರನೆಯ ಎರಡು ಪಾಲಾಗುತ್ತದೆ; ಒಳ್ಳೆಯ ಕಲ್ಲಿದ್ದಲಿನಲ್ಲಿ ನೂರಕ್ಕೆ 80ನ್ನು ದಾಟುತ್ತದೆ; ಆಂಥ್ರಸೈಟು ಎಂಬ ಗಟ್ಟಿ ಕಲ್ಲಿದ್ದಲಿನಲ್ಲಿ 90ನ್ನು ಮೀರುತ್ತದೆ. ಕೊನೆಯ ನಿಲ್ದಾಣದಲ್ಲಿ ಇಂಗಾಲವಲ್ಲದೆ ಬೇರೇನೂ ಉಳಿಯದು. ಅದೇ ಗ್ರಾಫೈಟು. ಮರಗಿಡವಿಲ್ಲದ, ಬರಿಯ ಪಾಚಿ ಸೂಕ್ಷ್ಮಜೀವಿಗಳ ಕೆಸರೂ ಇದೇ ಕೊನೆಗೆ ಬರುತ್ತದೆ. ಅದು ಕಲ್ಲಿದ್ದಲಿನ ಮನೆಗೆ ಹೋಗದೆ, ಕೆರೊಜೆನ್ ಎಂಬ ಮೇಣದಂಥ ವಸ್ತುವಾಗಿ ಮಣ್ಣಿನ ಕಣಗಳ ನಡುವೆ ಚದರಿಕೊಂಡೇ ಪ್ರಯಾಣ ಮಾಡುತ್ತದೆ.

ಹಳೆಯ ಮೈಸೂರು ಸಂಸ್ಥಾನಕ್ಕೆ ಕಲ್ಲಿದ್ದಲಿನ ಭಾಗ್ಯವಿರಲಿಲ್ಲ. ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿ ಬೇಕಾದಾಗ 1902ರಲ್ಲಿ ಶಿವನಸಮುದ್ರದ ನೀರಿನಿಂದ ವಿದ್ಯುತ್ತನ್ನು ಅಷ್ಟು ದೂರ ಒಯ್ಯಬೇಕಾಯಿತು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದಾಗ ಕಾಡಿನ ಕಟ್ಟಿಗೆಯ ಇದ್ದಿಲನ್ನೇ ನಂಬಬೇಕಾಯಿತು. ಇದು ನಾಡಿನ ಕೊರತೆಯೆಂದು ಅನೇಕರು ಮರುಗಿದ್ದುಂಟು. ಕಾರಣ ಸರಳ: ಇಲ್ಲಿಯ ಬಹುಪಾಲು ಶಿಲೆಗಳು ಭೂಮಿಯ ಮೇಲೆ ಕಾಡು ಬೆಳೆಯುವುದಕ್ಕೆ ಬಹು ಹಿಂದೆಯೇ ಹುಟ್ಟಿದವು. ಆ ಕಾಲದ ಜೀವಿಗಳು ಬಿಟ್ಟುಹೋದ ಇಂಗಾಲ ಇಲ್ಲಿ ಬಹಳ ಹಿಂದೆಯೇ ಕೊನೆಯ ನಿಲ್ದಾಣವನ್ನು ತಲಪಿಬಿಟ್ಟಿದೆ. ಅದನ್ನು ಕಾಣಬೇಕಾದರೆ ಸರಗೂರಿಗೆ ಹೋಗಬೇಕು.

ಕಬಿನಿಯ ನೆರೆಯಲ್ಲಿ

ಮೈಸೂರಿನಿಂದ ಮಾನಂದವಾಡಿ ರಸ್ತೆಯಲ್ಲಿ ಹೊರಟ ಬಸ್ಸು ಜಯಪುರ, ಹಂಪಾಪುರಗಳನ್ನು ದಾಟಿ ಹ್ಯಾಂಡ್‌ಪೋಸ್ಟ್ ಸೇರುತ್ತದೆ. ರಾಗಿ, ಹತ್ತಿ, ಜೋಳದ ಹೊಲಗಳು. ನಡುನಡುವೆ ಕೆಂಪುಮಣ್ಣಿನ ಏರುತಗ್ಗು. ಶುಭ್ರವಾದ ದಿನಗಳಲ್ಲಿ ದಕ್ಷಿಣದ ಅಂಚಿಗೆ ನೀಲಿ ಬೆಟ್ಟಗಳ ಗೆರೆ. ಹೆಗ್ಗಡದೇವನಕೋಟೆಯ ಸೀಮೆಯಲ್ಲಿ, ಮೈಸೂರಿನಿಂದ ಐವತ್ತು ಕಿಲೋಮೀಟರಿಗೆ ಮಿಗಿಲಾದ ದೂರದಲ್ಲಿ, ಕಬಿನಿ ನದಿಯ ಬಳಿ ಸರಗೂರು ಇದೆ. ಪ್ರವಾಸಿಗಳು ಸಾಮಾನ್ಯವಾಗಿ ಈ ಊರನ್ನು ಹಾದು ಕಾಡಿನ ಆನೆಗಳನ್ನು ನೋಡಲು ಹೋಗುತ್ತಾರೆ. ಭಕ್ತರು ಚಿಕ್ಕದೇವಮ್ಮನ ಬೆಟ್ಟಕ್ಕೆ ಹೋಗುತ್ತಾರೆ. ಆದರೆ ಭೂವಿಜ್ಞಾನಿಗಳ ಲೋಕದಲ್ಲಿ ಈ ಪುಟ್ಟ ಊರಿನ ಹೆಸರಿಗೆ ವಿಶೇಷ ಗೌರವ. ಧಾರವಾಡದ ಶಿಲೆಗಳಿಗಿಂತಲೂ ಹಳೆಯದಾದ ಒಂದು ಶಿಲಾಸಮೂಹಕ್ಕೆ 1970ರ ದಶಕದಲ್ಲಿ ಅವರು ‘ಸರಗೂರು ಗುಂಪು’ ಎಂದೇ ಹೆಸರಿಟ್ಟರು. ಮಾನಸಗಂಗೋತ್ರಿಯ ಭೂವಿಜ್ಞಾನಿಗಳೂ ಈ ಹೊಲಗಳ ನಡುವೆ ಸುತ್ತಿಗೆ ಹಿಡಿದು ಅಲೆದು, ಇಲ್ಲಿಯ ಕಲ್ಲುಗಳನ್ನು ಅಭ್ಯಾಸ ಮಾಡಿದ್ದಾರೆ.

ಇವುಗಳ ವಯಸ್ಸು ಸುಮಾರು 300 ಕೋಟಿ ವರ್ಷ, ಅಥವಾ ಅದಕ್ಕೂ ಹೆಚ್ಚು. ಮೈಸೂರಿನವರು ಅನಾದಿಯೆಂದು ಕೈಮುಗಿಯುವ ಚಾಮುಂಡಿಬೆಟ್ಟದ ಬೆಣಚು ಸುಮಾರು 80 ಕೋಟಿ ವರ್ಷದ್ದು. ಸರಗೂರಿನ ಕಲ್ಲಿನ ಮುಂದೆ ಅದು ಮೊಮ್ಮಗು.

ಸರಗೂರಿನ ಶಿಲೆಗಳು ಹುಟ್ಟುವಾಗ ಬಹುಪಾಲು ಸಮುದ್ರದ ತಳದ ಮಣ್ಣು, ಮರಳು, ಸುಣ್ಣ. ಇಂದು ಮರಳು ಬಿಳಿಗಲ್ಲಾಗಿದೆ, ಸುಣ್ಣ ಅಮೃತಶಿಲೆಯಾಗಿದೆ, ಮಣ್ಣು ಅಭ್ರಕ ಹೊಳೆಯುವ ಪದರಶಿಲೆಯಾಗಿದೆ. ಪದರಶಿಲೆಯಲ್ಲಿ ಕೆಂಪು ಗಾರ್ನೆಟ್ ಕಾಳುಗಳು, ನೀಲಿ ಕಯನೈಟಿನ ಅಲಗುಗಳು. ಕೆಲವು ಪದರಗಳಲ್ಲಿ ಇವುಗಳ ಜೊತೆಗೆ ಉಕ್ಕಿನಂತೆ ಹೊಳೆಯುವ ಬೂದುಗಪ್ಪು ಚಕ್ಕೆಗಳು ಕಾಣುತ್ತವೆ. ಅಂಥ ಕಲ್ಲನ್ನು ಬೆರಳಿನಿಂದ ಉಜ್ಜಿದರೆ ಬೆರಳು ಕಪ್ಪಾಗುತ್ತದೆ. ಬಿಳಿಯ ಕಾಗದದ ಮೇಲೆ ಎಳೆದರೆ ಗೆರೆ ಮೂಡುತ್ತದೆ. ಜಯಲಕ್ಷ್ಮಿಪುರದ ಜಗಲಿಯಲ್ಲಿ ಮಗು ಎಳೆದದ್ದೂ ಅಂಥದೇ ಗೆರೆ.

ಈ ಚಕ್ಕೆಗಳು ಎಷ್ಟು ಆಳಕ್ಕೆ ಹೋಗಿ ಬಂದಿವೆ ಎಂಬುದನ್ನು ನೆರೆಯ ಗಾರ್ನೆಟ್, ಕಯನೈಟುಗಳೇ ಹೇಳುತ್ತವೆ. ಇಂಥ ಖನಿಜಗಳು ಇಂತಿಷ್ಟೇ ಬಿಸಿ, ಇಂತಿಷ್ಟೇ ಒತ್ತಡವಿದ್ದಲ್ಲಿ ಮಾತ್ರ ಒಟ್ಟಿಗೆ ಹುಟ್ಟಬಲ್ಲವು. ಅವುಗಳ ಸಾಕ್ಷ್ಯದಂತೆ ಸರಗೂರಿನ ಮಣ್ಣು 600ರಿಂದ 700 ಡಿಗ್ರಿಯ ಕಾವಿನಲ್ಲಿ, ಸುಮಾರು 20 ಕಿಲೋಮೀಟರು ಆಳದಲ್ಲಿ ಬೆಂದಿತು. ಆ ಮೇಲೆ ಕಂಡಷ್ಟು ಆಳದ ಹೊದಿಕೆಯನ್ನು ಮಳೆ, ಗಾಳಿ, ನದಿಗಳು ಯುಗಯುಗಗಳ ಕಾಲ ಸವೆಸಿ ತೆಗೆದುದರಿಂದಲೇ ಅದು ಇಂದು ಬಿಸಿಲು ಕಾಣುತ್ತಿದೆ.

ಅಸ್ತವ್ಯಸ್ತದಿಂದ ಅಚ್ಚುಕಟ್ಟಿಗೆ

ಆ ಕಾವಿನಲ್ಲಿ ನಡೆಯುವ ಮಾರ್ಪಾಡು ಬೆರಗಿನದು. 300 ಡಿಗ್ರಿಯ ಸುಮಾರಿಗೆ ಇಂಗಾಲದ ಪರಮಾಣುಗಳು ಸಂತೆಯ ಜನರಂತೆ ಎತ್ತೆತ್ತಲೋ ಮುಖ ಮಾಡಿಕೊಂಡಿರುತ್ತವೆ. ಕಾವೇರಿದಂತೆ ಅವು ಆರಾರಾಗಿ ಕೈಹಿಡಿದು ಷಟ್ಕೋನಗಳಾಗುತ್ತವೆ. ಷಟ್ಕೋನಗಳು ಸೇರಿ ಜೇನುಹಲ್ಲೆಯಂಥ ಹಾಳೆಗಳಾಗುತ್ತವೆ. ಹಾಳೆಗಳು ಒಂದರ ಮೇಲೊಂದು ಸರಿಯಾಗಿ ಕುಳಿತುಕೊಳ್ಳುತ್ತವೆ. 600 ಡಿಗ್ರಿಯನ್ನು ದಾಟುವ ವೇಳೆಗೆ ಸಾಲು ತಪ್ಪಿದವು ಬಹುಮಟ್ಟಿಗೆ ಇಲ್ಲವಾಗುತ್ತವೆ. ಒಂದು ಮಿಲಿಮೀಟರು ದಪ್ಪದ ಗ್ರಾಫೈಟಿನಲ್ಲಿ ಅಂಥ ಹಾಳೆಗಳು ಸುಮಾರು 30 ಲಕ್ಷ! ಹಾಳೆಯೊಳಗಿನ ಬಂಧ ಬಲವಾದದ್ದು. ಹಾಳೆಹಾಳೆಗಳ ನಡುವಣ ಬಂಧ ಸಡಿಲ. ಆದುದರಿಂದಲೇ ಪೆನ್ಸಿಲನ್ನು ಒತ್ತಿದಾಗ ಹಾಳೆಗಳು ಜಾರಿ ಕಾಗದಕ್ಕೆ ಅಂಟಿಕೊಳ್ಳುತ್ತವೆ. ಅಕ್ಷರವೆಂದರೆ ಹೀಗೆ ಜಾರಿಬಿದ್ದ ಹಾಳೆಗಳ ಸಾಲು.

ಇದೇ ಕೆಲಸವನ್ನು ಕಾರ್ಖಾನೆಯಲ್ಲಿ ಮಾಡಬೇಕಾದರೆ 2,500ರಿಂದ 3,000 ಡಿಗ್ರಿಯ ಬಿಸಿ ಬೇಕು. ಅಮೆರಿಕದ ಆಚಿಸನ್ 1896ರಲ್ಲಿ ಹಕ್ಕುಪತ್ರ ಪಡೆದ ಕೃತಕ ಗ್ರಾಫೈಟಿನ ವಿಧಾನ ಅಂಥದು. ಅಷ್ಟು ಬಿಸಿಯ ಕೆಲಸವನ್ನು ಭೂಮಿ ಅದರ ನಾಲ್ಕನೆಯ ಒಂದು ಪಾಲು ಬಿಸಿಯಲ್ಲಿ ಮಾಡಿ ಮುಗಿಸುವುದು ಹೇಗೆ? ಅದಕ್ಕೆ ಅವಸರವಿಲ್ಲ ಎಂಬುದು ಒಂದು ಕಾರಣ. ಬೆಟ್ಟಗಳು ಹುಟ್ಟುವಾಗ ಶಿಲೆಗಳು ಬರಿಯ ಭಾರಕ್ಕೆ ಒಳಗಾಗುವುದಲ್ಲದೆ ಒಂದರ ಮೇಲೊಂದು ಜರುಗಿ ಉಜ್ಜಲ್ಪಡುತ್ತವೆ ಎಂಬುದು ಇನ್ನೊಂದು. ಆ ಉಜ್ಜುವಿಕೆ ಸುಕ್ಕುಗಟ್ಟಿದ ಹಾಳೆಗಳನ್ನು ನೀಟಾಗಿ ಹರಡುತ್ತದೆ. ಒಮ್ಮೆ ಹೀಗೆ ಸಾಲುಗೂಡಿದ ಇಂಗಾಲ ತಣ್ಣಗಾದ ಮೇಲೂ ಹಿಂದಿನ ಸ್ಥಿತಿಗೆ ಮರಳುವುದಿಲ್ಲ. ಆದುದರಿಂದ ಚಕ್ಕೆಯೊಂದರ ಅಚ್ಚುಕಟ್ಟನ್ನು ಅಳೆದು, ಆ ಶಿಲೆ ಕಂಡ ಅತ್ಯಧಿಕ ಬಿಸಿಯನ್ನು ವಿಜ್ಞಾನಿಗಳು ಲೆಕ್ಕಹಾಕುವುದೂ ಉಂಟು.

ಯಾರ ಅವಶೇಷ?

ಆದರೆ ಈ ಅಚ್ಚುಕಟ್ಟಿಗೆ ತೆತ್ತ ಬೆಲೆಯೊಂದಿದೆ. ಕಲ್ಲಿದ್ದಲಿನಲ್ಲಿ ಎಲೆಯ ನರ ಕಾಣಬಹುದು; ಪೀಟಿನಲ್ಲಿ ಬೇರನ್ನು ಬಿಡಿಸಬಹುದು. ಗ್ರಾಫೈಟಿನಲ್ಲಿ ಜೀವಿಯ ಆಕಾರವೆಂಬುದು ಎಳ್ಳಷ್ಟೂ ಉಳಿದಿರುವುದಿಲ್ಲ. 300 ಕೋಟಿ ವರ್ಷಗಳ ಹಿಂದೆ ಮರವಿರಲಿಲ್ಲ, ಹುಲ್ಲಿರಲಿಲ್ಲ, ಮೀನೂ ಇರಲಿಲ್ಲ. ಗಾಳಿಯಲ್ಲಿ ಉಸಿರಾಡಲು ಆಮ್ಲಜನಕವೇ ಇರಲಿಲ್ಲ. ಇದ್ದದ್ದು ಬರಿಗಣ್ಣಿಗೆ ಕಾಣದ ಏಕಕೋಶದ ಜೀವಿಗಳು. ಅವು ಸಮುದ್ರದ ಕೆಸರಿನ ಮೇಲೆ ತೆಳ್ಳನೆಯ ಲೋಳೆಯಾಗಿ ಹರಡಿಕೊಂಡಿದ್ದವು. ಅಂಥವುಗಳ ಮೈ 700 ಡಿಗ್ರಿಯ ಕುಲುಮೆಯನ್ನು ಹಾದು ಬಂದ ಮೇಲೆ, ಇದು ಅವುಗಳದೇ ಎಂದು ಹೇಳುವುದು ಹೇಗೆ?

ಗುರುತು ಒಂದುಂಟು. ಇಂಗಾಲದಲ್ಲಿ ಹಗುರವಾದದ್ದು, ಭಾರವಾದದ್ದು ಎಂದು ಎರಡು ಸ್ಥಿರ ಬಗೆಗಳು: ಇಂಗಾಲ-12 ಮತ್ತು ಇಂಗಾಲ-13. ನೂರರಲ್ಲಿ ಸುಮಾರು 99 ಪಾಲು ಹಗುರವಾದದ್ದೇ. ಜೀವಿಗಳು ಆಹಾರ ಕಟ್ಟಿಕೊಳ್ಳುವಾಗ ಹಗುರವಾದದ್ದನ್ನು ತುಸು ಹೆಚ್ಚಾಗಿ ಆರಿಸಿಕೊಳ್ಳುತ್ತವೆ. ಹೀಗಾಗಿ ಸಮುದ್ರದ ಸುಣ್ಣಕ್ಕೆ ಹೋಲಿಸಿದರೆ ಜೀವಿಗಳ ಮೈಯಲ್ಲಿ ಭಾರದ ಇಂಗಾಲದ ಪ್ರಮಾಣ ಸಾವಿರಕ್ಕೆ ಸುಮಾರು 25ರಷ್ಟು ಕಡಮೆ. ಮೈ ಸುಟ್ಟುಹೋದರೂ ಈ ಪಕ್ಷಪಾತದ ಗುರುತು ಗ್ರಾಫೈಟಿನಲ್ಲಿ ಉಳಿಯಬಲ್ಲದು. ಗ್ರೀನ್‌ಲ್ಯಾಂಡಿನ ಇಸುವಾ ಎಂಬಲ್ಲಿ 370 ಕೋಟಿ ವರ್ಷದ ಶಿಲೆಗಳಲ್ಲಿ ಇಂಥ ಗುರುತನ್ನು ಕಂಡು, 1999ರಲ್ಲಿ ಮಿನಿಕ್ ರೋಸಿಂಗ್ ಎಂಬ ವಿಜ್ಞಾನಿ ಅಷ್ಟು ಹಿಂದೆಯೇ ಸಮುದ್ರದಲ್ಲಿ ಜೀವವಿತ್ತೆಂದು ವಾದಿಸಿದನು.

ಇಷ್ಟಾದರೂ ವಿಜ್ಞಾನಿಗಳು ತೀರ್ಪು ಕೊಡಲು ಅವಸರಪಡುವುದಿಲ್ಲ. ಎಲ್ಲ ಗ್ರಾಫೈಟೂ ಜೀವಿಗಳಿಂದ ಬಂದದ್ದಲ್ಲ. ಭೂಮಿಯ ಆಳದಿಂದ ಏರಿಬರುವ ಇಂಗಾಲಯುಕ್ತ ಅನಿಲಗಳು ಶಿಲೆಯ ಬಿರುಕುಗಳಲ್ಲಿ ತಣಿದು ಗ್ರಾಫೈಟನ್ನು ಬಿಟ್ಟುಹೋಗುವುದುಂಟು; ಸಿಂಹಳದ ಹೆಸರಾಂತ ಗ್ರಾಫೈಟು ಹೀಗೆ ಬಿರುಕುಗಳಲ್ಲಿ ತುಂಬಿಕೊಂಡದ್ದು. ನೆರೆಯ ಅಮೃತಶಿಲೆಯೊಡನೆ ಇಂಗಾಲವನ್ನು ಅದಲುಬದಲು ಮಾಡಿಕೊಂಡು ಗ್ರಾಫೈಟಿನ ಹಳೆಯ ಗುರುತು ಮಾಸುವುದೂ ಉಂಟು. ಆದುದರಿಂದ ಚಕ್ಕೆಯನ್ನು ಮಾತ್ರ ನೋಡಿದರೆ ಸಾಲದು. ಅದು ಯಾವ ಪದರದಲ್ಲಿದೆ, ಮಗ್ಗುಲಲ್ಲಿ ಯಾವ ಕಲ್ಲಿದೆ, ಪದರದ ಜೊತೆ ಮಡಿಚಿಕೊಂಡಿದೆಯೇ, ಬಿರುಕನ್ನು ಹಿಡಿದು ಬಂದಿದೆಯೇ ಎಂಬುದನ್ನು ನಿಂತ ನೆಲದಲ್ಲಿಯೇ ಪರೀಕ್ಷಿಸಬೇಕು. ಮಣ್ಣಿನಿಂದಾದ ಪದರಶಿಲೆಯ ಉದ್ದಕ್ಕೂ ಸಮನಾಗಿ ಹರಡಿರುವ ಚಕ್ಕೆಗಳು ಆ ಮಣ್ಣಿನೊಡನೆಯೇ ಹೂತುಹೋದ ಜೀವಿಗಳವು ಎಂಬ ಊಹೆಗೆ ಬಲವಿದೆ.

ಇಲ್ಲಿಯೇ ಒಂದು ಆತಂಕವೂ ಇದೆ. ಇಂಥ ಕಲ್ಲುಗಳು ನೋಡಲು ಭವ್ಯವಲ್ಲ. ಹೊಲದ ಬದುವಿನಲ್ಲಿ, ರಸ್ತೆಯ ಕಡಿತದಲ್ಲಿ, ಹಳ್ಳದ ದಂಡೆಯಲ್ಲಿ ಮಾರುದ್ದ ತಲೆಯೆತ್ತಿ ಮತ್ತೆ ಮಣ್ಣಿಗೆ ಮುಳುಗುತ್ತವೆ. ಗುಡಿಗೋಪುರಗಳಿಗೆ ಇರುವ ಕಾವಲು ಅವುಗಳಿಗಿಲ್ಲ. ಬದುವನ್ನು ಸಮಮಾಡುವ ಯಂತ್ರಕ್ಕಾಗಲಿ, ಜಲ್ಲಿ ಒಡೆಯುವವರಿಗಾಗಲಿ ಅವು ಬೇರೆ ಕಲ್ಲುಗಳಂತೆಯೇ. ಗ್ರಾಫೈಟಿಗೆ ಇಂದು ಬೆಲೆಯೂ ಬಂದಿದೆ. ವಿದ್ಯುತ್ ವಾಹನಗಳ ಬ್ಯಾಟರಿಗೆ ಅದು ಬೇಕು. 2023ರಲ್ಲಿ ಭಾರತ ಸರ್ಕಾರ ದೇಶಕ್ಕೆ ಅತ್ಯಗತ್ಯವಾದ 30 ಖನಿಜಗಳ ಪಟ್ಟಿ ಮಾಡಿದಾಗ ಅದರಲ್ಲಿ ಗ್ರಾಫೈಟನ್ನೂ ಸೇರಿಸಿತು. ಬೇಕಾದದ್ದನ್ನು ಭೂಮಿಯಿಂದ ತೆಗೆಯುವುದು ತಪ್ಪಲ್ಲ. ಆದರೆ ಪದರದಿಂದ ಕಿತ್ತ ಚಕ್ಕೆ ಬರಿಯ ಸರಕು. ಪದರದಲ್ಲಿ ಕುಳಿತಿರುವ ಚಕ್ಕೆ ದಸ್ತಾವೇಜು. ಹಾಳಾದ ತಾಳೆಗರಿಯ ಗ್ರಂಥಕ್ಕೆ ಇನ್ನೊಂದು ಪ್ರತಿ ಎಲ್ಲಿಯಾದರೂ ಸಿಕ್ಕೀತು. ಈ ಗ್ರಂಥಕ್ಕೆ ಇನ್ನೊಂದು ಪ್ರತಿಯಿಲ್ಲ.

ಸರಗೂರಿನಿಂದ ಸಂಜೆಯ ಬಸ್ಸು ಮೈಸೂರಿಗೆ ಮರಳುವಾಗ ಚಾಮುಂಡಿಬೆಟ್ಟದ ದೀಪಗಳು ಹೊತ್ತಿರುತ್ತವೆ. ಜಯಲಕ್ಷ್ಮಿಪುರದ ಜಗಲಿಯಲ್ಲಿ ಮಗ್ಗಿ ಒಂಬತ್ತೊಂಬತ್ತಲ ಎಂಬತ್ತೊಂದಕ್ಕೆ ಬಂದಿರುತ್ತದೆ. ಮಗುವಿನ ಪೆನ್ಸಿಲಿನ ಗ್ರಾಫೈಟು ಸರಗೂರಿನದಾಗಿರಲಾರದು; ಯಾವ ನಾಡಿನ ಗಣಿಯದೋ, ಯಾವ ಕಾರ್ಖಾನೆಯದೋ. ಆದರೂ ಮುಂದಿನ ಸಲ “ಸೀಸ ಮುರಿದುಹೋಯ್ತು” ಎಂಬ ಕೂಗು ಕೇಳಿದಾಗ ಅಜ್ಜಿ ಬ್ಲೇಡನ್ನು ಕೆಳಗಿಟ್ಟು, “ಅದು ಸೀಸವಲ್ಲ ಕಣೋ ಮರಿ, ಬಾ ಹೇಳ್ತೀನಿ” ಎಂದು ಮಗುವನ್ನು ಹತ್ತಿರ ಕೂರಿಸಿಕೊಳ್ಳಬಹುದು. ಭಾನುವಾರ ಬೆಳಿಗ್ಗೆ ಇಬ್ಬರೂ ಕುಕ್ಕರಹಳ್ಳಿ ಕೆರೆಯ ದಡಕ್ಕೆ ಹೋಗಿ, ಕೋಲಿನಿಂದ ಕೆಸರನ್ನು ಕೆದಕಿ ನೋಡಬಹುದು.